ಹಳೆಯ ಕಾರಿನ ಕೆಳಗೆ ನುಗ್ಗುವ ಗಾಳಿ

ನಿಮ್ಮಲ್ಲಿ ಎಷ್ಟು ಜನರ ಕಾರಿನ ಹಿಂದೆ ವಿಂಗ್, ಅಂದರೆ ಗಾಳಿಯ ಬಲದಿಂದ ಕಾರನ್ನು ಕೆಳಕ್ಕೆ ಒತ್ತುವ ರೆಕ್ಕೆ, ಇದೆ ಅಂತ ಕೇಳಿದೆ, ಹತ್ತು ಹನ್ನೆರಡು ಕೈ ಎದ್ದವು. ಅದನ್ನು ಹಾಕುವ ಮೊದಲು, ಹಾಕಿದ ಮೇಲೆ ಏನಾದರೂ ಅಳತೆ ಮಾಡಿದವರು ಎಷ್ಟು ಜನ ಅಂತ ಕೇಳಿದೆ, ಒಂದು ಕೈ ಎದ್ದಿತು, ಅದೂ ಅರ್ಧ. ನಾಚಿಕೊಳ್ಳಬೇಕಾಗಿಲ್ಲ. ನಾನು ಮೊದಲ ವಿಂಗ್ ಕೊಂಡಾಗ ಆ ಅರ್ಧ ಕೈ ಎತ್ತುವುದಕ್ಕೂ ನನಗೆ ಯೋಗ್ಯತೆ ಇರಲಿಲ್ಲ.

ಇವತ್ತು ಮಾತಾಡುವುದು ಒಂದೇ ಬಗೆಯ ಕಾರಿನ ಬಗ್ಗೆ. ವಯಸ್ಸಾದ ಕಾರು. ವಾರವಿಡೀ ರಸ್ತೆಯಲ್ಲಿ ಓಡಬೇಕು, ಆಗಾಗ ರೇಸ್ ಟ್ರ್ಯಾಕಿಗೆ ಹೋಗಬೇಕು, ಸಂಜೆ ಅದೇ ನಾಲ್ಕು ಚಕ್ರಗಳ ಮೇಲೆ ಮನೆಗೆ ವಾಪಸ್ ಬರಬೇಕು. ಟ್ರೇಲರಿನ ಮೇಲೆ ಹೊತ್ತು ತರುವ ರೇಸ್ ಕಾರಿನ ಲೆಕ್ಕ ಬೇರೆ. ಅದರ ಹೊಟ್ಟೆ ನೆಲದಿಂದ ಎರಡು ಬೆರಳು ಮೇಲಿದ್ದರೂ ನಡೆಯುತ್ತದೆ, ಅದು ಹಂಪ್ ಹತ್ತುವ ಪ್ರಸಂಗವೇ ಬರುವುದಿಲ್ಲ. ನಮ್ಮ ಕಾರು ಹತ್ತಬೇಕು, ಇಳಿಯಬೇಕು, ಮಳೆಯಲ್ಲಿ ನಿಲ್ಲಬೇಕು.

ಗಾಳಿ ಎಷ್ಟು ಬಲಶಾಲಿ ಅನ್ನುವುದನ್ನು ಮೊದಲು ಒಂದು ಲೆಕ್ಕದಲ್ಲಿ ನೋಡಿಬಿಡೋಣ. ಗಾಳಿ ಕಾರನ್ನು ಹಿಂದಕ್ಕೆ ಎಳೆಯುವುದಕ್ಕೆ ಡ್ರ್ಯಾಗ್, ಮೇಲಕ್ಕೆ ಎತ್ತುವುದಕ್ಕೆ ಲಿಫ್ಟ್, ಕೆಳಕ್ಕೆ ಒತ್ತುವುದಕ್ಕೆ ಡೌನ್‌ಫೋರ್ಸ್ ಅಂತ ಗ್ಯಾರೇಜಿನಲ್ಲಿ ಹೇಳುವ ಹಾಗೇ ಇಲ್ಲೂ ಹೇಳುತ್ತೇನೆ, ಶುದ್ಧ ಕನ್ನಡದ ಪದ ಹುಡುಕುತ್ತಾ ಕೂತರೆ ಗಾಳಿ ಹೋಗಿಬಿಡುತ್ತದೆ. ಹಳೆಯ ಸಾಧಾರಣ ಕಾರಿನ ಡ್ರ್ಯಾಗ್ ಗುಣಾಂಕ, ಅಂದರೆ ಅದರ ಆಕಾರ ಗಾಳಿಗೆ ಎಷ್ಟು ಅಡ್ಡಿ ಅಂತ ಹೇಳುವ ಅಂಕಿ, 0.40, ಎದುರಿನಿಂದ ಕಾಣುವ ಅದರ ವಿಸ್ತೀರ್ಣ 1.8 ಚದರ ಮೀಟರ್ ಅಂತ ಇಟ್ಟುಕೊಳ್ಳಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಗಾಳಿಯನ್ನು ಸೀಳುವುದಕ್ಕೆ ಸುಮಾರು 9 ಕಿಲೋವ್ಯಾಟ್ ಸಾಕು, ಹನ್ನೆರಡು ಅಶ್ವಶಕ್ತಿ. 200ಕ್ಕೆ ಹೋದರೆ ಎರಡರಷ್ಟಲ್ಲ, ಎಂಟರಷ್ಟು ಬೇಕು: ಸುಮಾರು ನೂರು ಅಶ್ವಶಕ್ತಿ. ಬಲ ವೇಗದ ವರ್ಗದ ಹಾಗೆ ಏರುತ್ತದೆ, ಶಕ್ತಿ ಘನದ ಹಾಗೆ.

ಡ್ರ್ಯಾಗ್ ಎಲ್ಲರಿಗೂ ಗೊತ್ತು, ಅದರ ಮೇಲೆ ನನಗೆ ಹೆಚ್ಚು ಸಿಟ್ಟಿಲ್ಲ. ಹಳೆಯ ಕಾರಿನಲ್ಲಿ ಮೊದಲು ನೋಡಬೇಕಾದದ್ದು ಲಿಫ್ಟ್. ಅರುವತ್ತು, ಎಪ್ಪತ್ತು, ಎಂಬತ್ತರ ದಶಕದ ಕಾರುಗಳ ಮೈ ಮೇಲೆ ಉಬ್ಬಿದೆ, ಆ ಉಬ್ಬಿನ ಮೇಲೆ ಹರಿಯುವ ಗಾಳಿಯ ಒತ್ತಡ ಇಳಿಯುತ್ತದೆ. ಕೆಳಗೆ ನುಗ್ಗಿದ ಗಾಳಿಗೆ ಸೈಲೆನ್ಸರ್, ಗೇರ್‌ಬಾಕ್ಸ್, ಸ್ಟೆಪ್ನಿ ಇಡುವ ಗುಂಡಿ, ಆಕ್ಸಲ್ ಎಲ್ಲವೂ ಅಡ್ಡ ಬಂದು ಅದು ಅಲ್ಲೇ ತಿಣುಕುತ್ತದೆ. ಮೇಲೆ ಕಡಿಮೆ ಒತ್ತಡ, ಕೆಳಗೆ ಹೆಚ್ಚು. ಹಿಂದಿನ ಆಕ್ಸಲ್ಲಿನ ಲಿಫ್ಟ್ ಗುಣಾಂಕ 0.2 ಇದ್ದರೆ ಗಂಟೆಗೆ 180 ಕಿ.ಮೀ. ವೇಗದಲ್ಲಿ ಸುಮಾರು 55 ಕೆಜಿ ಭಾರ ಹಿಂದಿನ ಚಕ್ರಗಳಿಂದ ಮಾಯವಾಗುತ್ತದೆ. ಹಿಂದಿನ ಸೀಟಿನಲ್ಲಿ ಕೂತಿದ್ದ ಒಬ್ಬರು ಓಡುವ ಕಾರಿನಿಂದ ಸದ್ದಿಲ್ಲದೆ ಎದ್ದು ಹೋದ ಹಾಗೆ.

ಇದು ಬರೀ ಅಜ್ಜನ ಕಾಲದ ಕಾರುಗಳ ರೋಗ ಅಲ್ಲ. 1998ರಲ್ಲಿ ಬಂದ ಮೊದಲ ಆಡಿ ಟಿಟಿ ನೆನಪಿರಬಹುದು, ಗುಂಡಗೆ, ನುಣ್ಣಗೆ, ಚಂದದ ಬೆನ್ನು. ಅತಿವೇಗದಲ್ಲಿ ಅಪಘಾತಗಳು ಆದ ಮೇಲೆ ಕಂಪನಿ ಕಾರುಗಳನ್ನು ವಾಪಸ್ ಕರೆಸಿ ಸಸ್ಪೆನ್ಷನ್ ತಿದ್ದಿ, ಹಿಂದೆ ಒಂದು ಗಿಡ್ಡ ಸ್ಪಾಯ್ಲರ್, ಅಂದರೆ ಗಾಳಿಯ ದಾರಿ ಕೆಡಿಸುವ ಅಂಚು, ಕೂರಿಸಿ ಕೊಟ್ಟಿತು. ಅದಕ್ಕೂ ಕಾಲು ಶತಮಾನ ಮೊದಲು, 1972ರಲ್ಲಿ, ಪೋರ್ಷೆಯವರು ತಮ್ಮ ನೈನ್ ಇಲೆವೆನ್ನಿನ ಒಂದು ಮಾದರಿಯಾದ ಕರೆರಾ ಆರ್‌ಎಸ್ ಕಾರಿನ ಹಿಂಬದಿಯ ಎಂಜಿನ್ ಮುಚ್ಚಳದ ಮೇಲೆ ಬಾತುಕೋಳಿಯ ಬಾಲ ಮೂಡಿಸಿದ್ದೂ ಇದೇ ಕಾರಣಕ್ಕೆ. ನೈನ್ ಇಲೆವೆನ್ನಿನ ಬೆನ್ನು ಇಳಿಜಾರು. ಗಾಳಿ ಅದಕ್ಕೆ ಅಂಟಿಕೊಂಡೇ ಇಳಿಯುತ್ತದೆ, ಇಳಿಯುತ್ತಾ ಬೆನ್ನನ್ನು ಮೇಲಕ್ಕೆ ಹೀರುತ್ತದೆ. ಬಾಲ ಆ ಗಾಳಿಯನ್ನು ಎಬ್ಬಿಸಿ ಕಳಿಸಿತು. ಹಿಂದಿನ ಲಿಫ್ಟ್ ಬಹಳಷ್ಟು ತಗ್ಗಿತು. ಗರಿಷ್ಠ ವೇಗವೂ ಕಡಿಮೆಯಾಗಲಿಲ್ಲ, ತುಸು ಹೆಚ್ಚೇ ಆಯಿತು.

ಹಾಗಾಗಿ ನಿಮ್ಮ ಗುರಿ ಡೌನ್‌ಫೋರ್ಸ್ ಅಂತ ಶುರು ಮಾಡಬೇಡಿ. ಇರುವ ಲಿಫ್ಟನ್ನು ಸೊನ್ನೆಗೆ ತನ್ನಿ, ಅದೂ ಮುಂದೆ ಹಿಂದೆ ಎರಡೂ ಕಡೆ ಜೊತೆಜೊತೆಗೆ. ಅಷ್ಟು ಮಾಡಿದರೆ ಹಳೆಯ ಕಾರು ಬೇರೆಯೇ ಕಾರಾಗುತ್ತದೆ. ಟೈರು ಸವೆದಿದೆ, ಬುಷ್‌ಗಳು ಸಡಿಲವಾಗಿವೆ, ಬ್ರೇಕ್ ಆಯಿಲ್ ಬದಲಿಸಿ ಯುಗವಾಯಿತು, ಆದರೆ ಕಾರ್ಬನ್ ಫೈಬರ್ ವಿಂಗ್ ಇದೆ ಅನ್ನುವವರಿಗೆ ನಮ್ಮ ಹಿರಿಯರ ಗಾದೆಯೇ ಉತ್ತರ, ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.

ಅಳತೆಯ ವಿಷಯ. ಕಾರನ್ನು ನಿಲ್ಲಿಸಿ ಗಾಳಿ ಊದಿ ಅಳೆಯುವ ವಿಂಡ್ ಟನೆಲ್ ನಮ್ಮ ಕೈಗೆ ಎಟುಕುವುದಲ್ಲ. ಆದರೆ ಉಣ್ಣೆ ದಾರ ಎಟುಕುತ್ತದೆ. ಬೆರಳುದ್ದದ ತುಂಡುಗಳನ್ನು ಕತ್ತರಿಸಿ, ಒಂದು ತುದಿಗೆ ಟೇಪ್ ಹಾಕಿ, ಅಂಗೈ ಅಗಲಕ್ಕೊಂದರಂತೆ ಹಿಂದಿನ ಗಾಜು, ಡಿಕ್ಕಿ, ಮಡ್‌ಗಾರ್ಡ್ ಎಲ್ಲ ಕಡೆ ಅಂಟಿಸಿ. ಪಕ್ಕದಲ್ಲಿ ಇನ್ನೊಂದು ಕಾರು, ಅದರಲ್ಲಿ ಕ್ಯಾಮೆರಾ ಹಿಡಿದ ಸ್ನೇಹಿತ. ದಾರ ಹಿಂದಕ್ಕೆ ನೆಟ್ಟಗೆ ಮಲಗಿದ್ದರೆ ಗಾಳಿ ಮೈಗೆ ಅಂಟಿಕೊಂಡಿದೆ. ದಾರ ಕುಣಿಯುತ್ತಿದ್ದರೆ, ಸುತ್ತುತ್ತಿದ್ದರೆ, ಮುಂದಕ್ಕೆ ತಿರುಗಿ ನಿಂತಿದ್ದರೆ ಅಲ್ಲಿ ಗಾಳಿ ಬಿಟ್ಟುಹೋಗಿದೆ. ನನ್ನ ಹಳೆಯ ಸೆಡಾನಿನ ಡಿಕ್ಕಿಯ ಮೇಲೆ ಹದಿನೆಂಟು ದಾರ ಅಂಟಿಸಿದ್ದೆ. ಮಧ್ಯದ ಹತ್ತೂ ಹುಚ್ಚು ಹಿಡಿದ ಹಾಗೆ ಸುತ್ತುತ್ತಿದ್ದವು. ನಾನು ಅಷ್ಟು ಹಣ ಕೊಟ್ಟು ತಂದ ಗಿಡ್ಡ ಸ್ಪಾಯ್ಲರ್ ಆ ಹತ್ತರ ಹಿಂದೆಯೇ ಕೂತಿತ್ತು. ಸತ್ತ ಗಾಳಿಯ ಕೆರೆಯಲ್ಲಿ ಅದು ಏನು ಮಾಡಬೇಕು ಹೇಳಿ?

ದಾರ ದಿಕ್ಕು ಹೇಳುತ್ತದೆ, ಒತ್ತಡ ಹೇಳುವುದಿಲ್ಲ. ಒತ್ತಡಕ್ಕೆ ಪಾರದರ್ಶಕ ಪ್ಲಾಸ್ಟಿಕ್ ನಳಿಗೆ ಸಾಕು. ಅದನ್ನು ಯು ಆಕಾರಕ್ಕೆ ಬಗ್ಗಿಸಿ, ಹಲಗೆಗೆ ಕಟ್ಟಿ, ಅರ್ಧದವರೆಗೆ ಬಣ್ಣದ ನೀರು ತುಂಬಿ, ಹಿಂದೆ ಅಳತೆಪಟ್ಟಿ ಅಂಟಿಸಿ. ಗಂಟೆಗೆ 100 ಕಿ.ಮೀ. ವೇಗದ ಗಾಳಿಯನ್ನು ಎದುರಿನಿಂದ ನಿಲ್ಲಿಸಿದರೆ ಸಿಗುವ ಒತ್ತಡ ಸುಮಾರು 48 ಮಿ.ಮೀ. ನೀರಿನಷ್ಟು. ಅಂದರೆ ಕಣ್ಣಿಗೆ ಚೆನ್ನಾಗಿ ಕಾಣುವಷ್ಟೇ ನೀರು ಏರಿಳಿಯುತ್ತದೆ. ಪಕ್ಕದಲ್ಲಿ ಕೂತವರು ಓದಿ ಬರೆದುಕೊಳ್ಳಬಹುದು. ಓಡಿಸುವವರು ರಸ್ತೆ ನೋಡಲಿ.

ಹಲಗೆಯನ್ನು ಕಾರಿನ ಅಡ್ಡಕ್ಕೆ ಇಡಿ, ಉದ್ದಕ್ಕೆ ಬೇಡ. ಉದ್ದಕ್ಕಿಟ್ಟರೆ ಬ್ರೇಕ್ ಒತ್ತಿದಾಗಲೆಲ್ಲ ನೀರು ಮುಂದಕ್ಕೆ ವಾಲಿ ಇಲ್ಲದ ಒತ್ತಡ ತೋರಿಸುತ್ತದೆ. ನೇರ ದಾರಿಯಲ್ಲಿ, ಒಂದೇ ವೇಗದಲ್ಲಿ ಓದಿ. ಇನ್ನೊಂದು ತಪ್ಪು ನಾನೇ ಮಾಡಿದ್ದು. ನಳಿಗೆಯ ಇನ್ನೊಂದು ತುದಿಯನ್ನು ಮುಚ್ಚಿದ ಬಾಟಲಿಗೆ ಜೋಡಿಸಿ, ಇದು ನನ್ನ ಬದಲಾಗದ ಒತ್ತಡ ಅಂತ ಬೀಗಿದ್ದೆ. ಬಿಸಿಲು ಬಾಟಲಿಗೆ ಬಿತ್ತು, ಕಾರು ನಿಂತಲ್ಲೇ ನೀರು ನಡೆಯತೊಡಗಿತು. ಆಮೇಲೆ ಲೆಕ್ಕ ಹಾಕಿದೆ. ಮುಚ್ಚಿದ ಬಾಟಲಿಯ ಗಾಳಿ ಒಂದೇ ಒಂದು ಡಿಗ್ರಿ ಬಿಸಿಯಾದರೆ 35 ಮಿ.ಮೀ. ನೀರಿನಷ್ಟು ಒತ್ತಡ ಏರುತ್ತದೆ. ನಾನು ಅಳೆಯುತ್ತಿದ್ದದ್ದು ಗಾಳಿಯನ್ನಲ್ಲ, ಬಿಸಿಲನ್ನು. ನಿಜಕ್ಕೂ ನಮಗೆ ಬೇಕಾದದ್ದು ಎರಡು ಜಾಗಗಳ ನಡುವಿನ ವ್ಯತ್ಯಾಸ. ಬಾನೆಟ್ಟಿನ ಮೇಲೆ ಒಂದು ತುದಿ, ಕೆಳಗೆ ಇನ್ನೊಂದು. ರೇಡಿಯೇಟರಿನ ಮುಂದೆ ಒಂದು, ಹಿಂದೆ ಇನ್ನೊಂದು. ಬಾಟಲಿಯ ಗೊಡವೆಯೇ ಬೇಡ.

ಬಾನೆಟ್ ಅಂದೆನಲ್ಲ, ಆ ಕತೆ ಹೇಳಿಯೇ ಮುಂದೆ ಹೋಗುತ್ತೇನೆ, ಯಾಕೆಂದರೆ ಈ ತಪ್ಪನ್ನು ಪ್ರತಿ ಟ್ರ್ಯಾಕ್ ದಿನದಲ್ಲೂ ಯಾರೋ ಒಬ್ಬರು ಹೊತ್ತುಕೊಂಡು ಬಂದಿರುತ್ತಾರೆ. ನನ್ನ ಕಾರು ಟ್ರ್ಯಾಕಿನಲ್ಲಿ ನಾಲ್ಕು ಸುತ್ತಿಗೆ ಬಿಸಿಯಾಗುತ್ತಿತ್ತು. ಬಿಸಿ ಗಾಳಿ ಹೊರಹೋಗಲಿ ಅಂತ ಬಾನೆಟ್ಟಿನ ಹಿಂಭಾಗದಲ್ಲಿ, ಮುಂಗಾಜಿನ ಬುಡಕ್ಕೆ ಹತ್ತಿರ, ಎರಡು ಉದ್ದನೆಯ ಕಿಂಡಿ ಕೊರೆಸಿದೆ. ನೋಡಲು ಸೊಗಸಾಗಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಆ ಕಿಂಡಿಗಳಿಂದ ಬಿಸಿ ಎದ್ದು ಎದುರಿನ ದೃಶ್ಯವೆಲ್ಲ ನಡುಗುತ್ತಿತ್ತು. ಆಹಾ, ಕೆಲಸ ಮಾಡುತ್ತಿದೆ ಅಂದುಕೊಂಡೆ. ಟ್ರ್ಯಾಕಿಗೆ ಹೋದರೆ ಮೂರೇ ಸುತ್ತಿಗೆ ಮುಳ್ಳು ಕೆಂಪಿಗೆ ಬಂತು. ಮೊದಲಿಗಿಂತ ಕೆಟ್ಟಿತು.

ಕಾರಣ ಸರಳ. ಬಾನೆಟ್ ಮೇಲೆ ಹರಿದು ಬಂದ ಗಾಳಿ ಮುಂಗಾಜಿಗೆ ಬಡಿದು ಅದರ ಬುಡದಲ್ಲಿ ಜಮಾಯಿಸುತ್ತದೆ. ಅಲ್ಲಿ ಒತ್ತಡ ಹೆಚ್ಚು. ಒಳಗೆ ಕೂತವರಿಗೆ ಗಾಳಿ ಕೊಡುವ ಕಿಂಡಿಯನ್ನು ಕಾರು ತಯಾರಿಸುವವರು ಅಲ್ಲೇ ಇಡುವುದು ಅದಕ್ಕಾಗಿಯೇ. ಕೆಲವು ಹಳೆಯ ಅಮೆರಿಕನ್ ಕಾರುಗಳು ಎಂಜಿನ್ನಿಗೆ ಗಾಳಿಯನ್ನು ಅಲ್ಲಿಂದಲೇ ಎಳೆದುಕೊಳ್ಳುತ್ತಿದ್ದವು. ನಿಂತಾಗ ಬಿಸಿ ತಾನಾಗಿ ಮೇಲೇಳುತ್ತದೆ, ಕಿಂಡಿ ಕೆಲಸ ಮಾಡಿದಂತೆ ಕಾಣುತ್ತದೆ. ವೇಗ ಏರಿದಂತೆ ಗಾಳಿ ತಿರುಗಿ ಒಳಗೆ ನುಗ್ಗುತ್ತದೆ. ಎಂಜಿನ್ ಕೋಣೆ ಉಬ್ಬಿಕೊಳ್ಳುತ್ತದೆ, ರೇಡಿಯೇಟರಿನ ಹಿಂದೆ ಒತ್ತಡ ಏರಿ ಮುಂದಿನಿಂದ ಬರುವ ಗಾಳಿಗೆ ಬಾಗಿಲು ಮುಚ್ಚಿದಂತಾಗುತ್ತದೆ. ಬಾನೆಟ್ಟಿನ ಹಿಂದಿನ ಕೀಲುಗಳಿಗೆ ವಾಷರ್ ಕೊಟ್ಟು ಎತ್ತಿ ಓಡಾಡುವವರದ್ದೂ ಇದೇ ಗತಿ.

ಕಿಂಡಿ ಬೇಕಿರುವುದು ಬಾನೆಟ್ಟಿನ ಮುಂದಿನ ಮೂರನೇ ಒಂದು ಭಾಗದಲ್ಲಿ, ರೇಡಿಯೇಟರಿನ ಬೆನ್ನಿಗೇ. ಗಾಳಿ ಮೂತಿಯ ಅಂಚನ್ನು ದಾಟಿ ಬಾನೆಟ್ಟಿಗೆ ಹೊರಳುವ ಆ ಜಾಗದಲ್ಲಿ ಒತ್ತಡ ಕಡಿಮೆ. ಅದೂ ಎಲ್ಲ ಕಾರಿನಲ್ಲಿ ಒಂದೇ ಜಾಗ ಅಲ್ಲ, ನಳಿಗೆಯ ತುದಿಯನ್ನು ನಾಲ್ಕು ಬೆರಳಿಗೊಮ್ಮೆ ಹಿಂದಕ್ಕೆ ಸರಿಸುತ್ತಾ ಹುಡುಕಬೇಕು. ನಾನು ಹುಡುಕಿದ್ದು ಬಾನೆಟ್ ಕೊರೆಸಿ ಆದ ಮೇಲೆ. ಹೊಸ ಬಾನೆಟ್ ಹುಡುಕಲು ಗುಜರಿ ಅಂಗಡಿಗಳನ್ನು ಸುತ್ತಿದ್ದು ಬೇರೆ ಮಾತು.

ಕಿಂಡಿಗಿಂತ ಮೊದಲು ಮಾಡಬೇಕಾದದ್ದು ಇನ್ನೂ ಸುಲಭ. ಹಳೆಯ ಕಾರಿನ ಗ್ರಿಲ್ ಮತ್ತು ರೇಡಿಯೇಟರ್ ನಡುವೆ ಕೈ ಹಾಕಿ ನೋಡಿ. ಸುತ್ತ ಎಲ್ಲ ಕಡೆ ಸಂದು. ಗಾಳಿ ಸೋಮಾರಿ, ದಟ್ಟ ರೆಕ್ಕೆಗಳ ನಡುವೆ ತೂರುವ ಬದಲು ಸಂದಿನಲ್ಲಿ ಜಾರಿಕೊಳ್ಳುತ್ತದೆ. ಫೋಮ್ ಪಟ್ಟಿ, ತೆಳು ಅಲ್ಯೂಮಿನಿಯಂ ತಗಡು, ಒಂದು ಭಾನುವಾರ. ನನ್ನ ಬಿಸಿಯ ಸಮಸ್ಯೆ ಅರ್ಧಕ್ಕರ್ಧ ಮುಗಿದದ್ದು ಅಲ್ಲಿ, ಕಿಂಡಿಯಿಂದಲ್ಲ.

ಈಗ ಕಾರಿನ ಮುಂಭಾಗ. ಗಾಳಿ ಕೆಳಗೆ ಹೋದರೆ ತೊಂದರೆ, ಹಾಗಾದರೆ ಬಿಡಬೇಡಿ. ಬಂಪರಿನ ಕೆಳಗೆ ಅಡ್ಡಲಾಗಿ ಇಳಿಬಿಟ್ಟ ಗೋಡೆ, ಏರ್ ಡ್ಯಾಮ್. ಕಾರಿನ ಅಡಿಯ ಒತ್ತಡ ಇಳಿಯುತ್ತದೆ, ಮುಂದಿನ ಲಿಫ್ಟ್ ತಗ್ಗುತ್ತದೆ. ರೇಡಿಯೇಟರಿನ ಹಿಂದಿನ ಒತ್ತಡವೂ ಇಳಿಯುವುದರಿಂದ ತಂಪು ಹೆಚ್ಚುತ್ತದೆ. ಹಳೆಯ ಕಾರಿನ ಅಡಿ ಹೇಗೂ ಗುಡ್ಡಗಾಡು. ಅಲ್ಲಿ ಗಾಳಿ ತಿಣುಕುವುದು ತಪ್ಪಿದ್ದರಿಂದ ಎಷ್ಟೋ ಸಲ ಡ್ರ್ಯಾಗ್ ಕೂಡ ಇಳಿಯುತ್ತದೆ. ಹೂದೋಟದ ಅಂಚಿಗೆ ಹುಗಿಯುವ ಕಪ್ಪು ಪ್ಲಾಸ್ಟಿಕ್ ಪಟ್ಟಿ ಇದೆಯಲ್ಲ, ಅದರಿಂದಲೇ ಶುರು ಮಾಡಿ. ಹಂಪಿಗೆ ತಗುಲಿದರೆ ಮಡಚಿಕೊಳ್ಳುತ್ತದೆ, ಮುರಿಯುವುದಿಲ್ಲ. ಎರಡು ಸೆಂಟಿಮೀಟರ್ ಇಳಿಸಿ, ನೋಡಿ, ಇನ್ನೆರಡು ಇಳಿಸಿ. ಒಂದು ಮಟ್ಟದ ನಂತರ ಲಾಭ ನಿಲ್ಲುತ್ತದೆ, ಕೆರೆದುಕೊಳ್ಳುವುದು ಮಾತ್ರ ಹೆಚ್ಚುತ್ತದೆ. ರಸ್ತೆಯ ಕಾರಿಗೆ ಇಷ್ಟೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಒಪ್ಪದವರು ಟ್ರ್ಯಾಕಿನ ಗೆಳೆಯರಲ್ಲಿ ಬೇಕಾದಷ್ಟಿದ್ದಾರೆ.

ಸ್ಪ್ಲಿಟರ್ ಅದರ ಮುಂದಿನ ಹೆಜ್ಜೆ. ಏರ್ ಡ್ಯಾಮಿನ ತಳದಿಂದ ಮುಂದಕ್ಕೆ ಚಾಚಿದ ಹಲಗೆ. ಬಂಪರಿಗೆ ಬಡಿದು ನಿಂತ ಗಾಳಿ ಅದರ ಬೆನ್ನ ಮೇಲೆ ಒತ್ತುತ್ತದೆ, ಅದರ ಕೆಳಗೆ ಗಾಳಿ ವೇಗವಾಗಿ ನುಸುಳಿ ಕೆಳಕ್ಕೆ ಎಳೆಯುತ್ತದೆ. ಒಂದೂವರೆ ಮೀಟರ್ ಅಗಲ, 15 ಸೆಂ.ಮೀ. ಚಾಚು ಅಂದರೆ 0.225 ಚದರ ಮೀಟರ್. 180 ಕಿ.ಮೀ. ವೇಗದಲ್ಲಿ ಮೇಲೆ ಕೆಳಗಿನ ಒತ್ತಡದ ವ್ಯತ್ಯಾಸ 1500 ಪಾಸ್ಕಲ್ ಇದ್ದರೆ ಸುಮಾರು 34 ಕೆಜಿ ಬಲ. ಹಲಗೆಯ ಮೇಲೆ ಒಂದು ಮಗು ನಿಂತ ಹಾಗೆ, ಅದೂ ಸುಮ್ಮನೆ ನಿಂತಿಲ್ಲ, ಪ್ರತಿ ಗುಂಡಿಗೂ ಕುಣಿಯುತ್ತಿದೆ. ಬಂಪರಿನ ಪ್ಲಾಸ್ಟಿಕ್ಕಿಗೆ ನಾಲ್ಕು ಸ್ಕ್ರೂ ಹೊಡೆದು ಕೂರಿಸಿದ್ದು ಉಳಿಯುತ್ತದಾ? ಚಾಸಿಗೆ ಬ್ರಾಕೆಟ್ ಹಾಕಿ, ಮುಂದಿನ ಅಂಚಿಗೆ ಎರಡು ತೋಳು ಕೊಡಿ. ನಂಬಿಕೆ ಬರದಿದ್ದರೆ ಅದರ ಮೇಲೆ ನೀವೇ ಹತ್ತಿ ನಿಲ್ಲಿ. ನಿಲ್ಲಲು ಭಯವಾದರೆ ಅದನ್ನು ಹಾಕಿಕೊಂಡು ಓಡಿಸಲೂ ಭಯವಾಗಬೇಕು.

ಸ್ಪ್ಲಿಟರಿನಲ್ಲಿ ಹಳೆಯ ಕಾರಿಗೇ ಮೀಸಲಾದ ಒಂದು ಅಪಾಯ ಇದೆ, ಇದನ್ನು ಗಮನವಿಟ್ಟು ಕೇಳಿ. ಹಳೆಯ ಕಾರಿನ ಸ್ಪ್ರಿಂಗ್ ಮೆತ್ತಗೆ. ಜೋರಾಗಿ ಬ್ರೇಕ್ ಒತ್ತಿದರೆ ಮೂತಿ ಮೂರು ನಾಲ್ಕು ಸೆಂಟಿಮೀಟರ್ ಬಾಗುತ್ತದೆ. ಸ್ಪ್ಲಿಟರ್ ನೆಲದಿಂದ ಆರು ಸೆಂಟಿಮೀಟರ್ ಮೇಲಿತ್ತು ಅನ್ನಿ, ಈಗ ಎರಡೋ ಮೂರೋ. ನೆಲಕ್ಕೆ ಹತ್ತಿರವಾದಷ್ಟೂ ಅದು ಇನ್ನೂ ಜೋರಾಗಿ ಕೆಳಕ್ಕೆ ಎಳೆಯುತ್ತದೆ, ಮೂತಿ ಇನ್ನೂ ಬಾಗುತ್ತದೆ. ಅದೇ ಹೊತ್ತಿಗೆ ಹಿಂಭಾಗ ಎದ್ದಿದೆ, ಹಗುರಾಗಿದೆ. ನೀವು ತಿರುವಿನ ಬಾಯಲ್ಲಿದ್ದೀರಿ, ಬ್ರೇಕಿನಿಂದ ಕಾಲು ತೆಗೆಯುತ್ತಾ ಸ್ಟೇರಿಂಗ್ ತಿರುಗಿಸುತ್ತಿದ್ದೀರಿ. ಬಾಲ ಬೀಸುವುದು ಆಗಲೇ. ಇನ್ನೂ ಕೆಳಗಿಳಿದು ಹಲಗೆ ನೆಲಕ್ಕೆ ಮುಚ್ಚಿಕೊಂಡರೆ ಕೆಳಗಿನ ಗಾಳಿಯ ಹರಿವೇ ನಿಂತು ಮುಂದಿನ ಹಿಡಿತ ಥಟ್ಟನೆ ಹೋಗುತ್ತದೆ. ಒಂದೇ ಬ್ರೇಕಿನಲ್ಲಿ ಎರಡು ಬೇರೆ ಬೇರೆ ಕಾರು ಓಡಿಸಿದ ಹಾಗೆ. ಮೆತ್ತನೆಯ ಸ್ಪ್ರಿಂಗಿನ ಕಾರಿಗೆ ಎತ್ತರದಲ್ಲಿ ಕೂತ ಗಿಡ್ಡ ಸ್ಪ್ಲಿಟರ್ ಒಳ್ಳೆಯದು. ಕೆಳಗಿನ ಉದ್ದನೆಯ ಸ್ಪ್ಲಿಟರ್ ಬೇಕೇ ಬೇಕು ಅಂದರೆ ಮೊದಲು ಸ್ಪ್ರಿಂಗ್ ಬದಲಿಸಿ.

ಹಿಂಭಾಗಕ್ಕೆ ಬರೋಣ. ಸ್ಪಾಯ್ಲರ್ ಮತ್ತು ವಿಂಗ್ ಒಂದೇ ಅಲ್ಲ. ಸ್ಪಾಯ್ಲರ್ ಮೈಗೆ ಅಂಟಿಕೊಂಡಿರುತ್ತದೆ, ಗಾಳಿಯ ದಾರಿ ಕೆಡಿಸುತ್ತದೆ, ಹೆಸರೇ ಹಾಗೆ. ವಿಂಗಿನ ಮೇಲೆ ಕೆಳಗೆ ಎರಡೂ ಕಡೆ ಗಾಳಿ ಹರಿಯಬೇಕು, ಅದಕ್ಕೆ ತಾಜಾ ಗಾಳಿ ಬೇಕು. ಹಳೆಯ ಅಮೆರಿಕನ್ ಕಾರು ಪ್ಲಿಮತ್ ಸೂಪರ್‌ಬರ್ಡಿನ ಹಿಂದೆ ಗೋಲ್‌ಪೋಸ್ಟಿನಂತೆ ಎತ್ತರಕ್ಕೆ ನಿಂತ ವಿಂಗ್ ನೋಡಿದ್ದೀರಿ. ಡಿಕ್ಕಿ ತೆರೆಯಲಿ ಅಂತ ಅಷ್ಟು ಎತ್ತರಿಸಿದರು ಅನ್ನುವ ಕತೆ ಚಾಲ್ತಿಯಲ್ಲಿದೆ, ಕತೆ ಏನೇ ಇರಲಿ, ಅಷ್ಟು ಮೇಲೆ ಗಾಳಿ ತಾಜಾ ಇರುತ್ತದೆ.

ಹ್ಯಾಚ್‌ಬ್ಯಾಕ್ ಇರುವವರು ಹಿಂದಿನ ಗಾಜಿನ ಇಳಿಜಾರನ್ನು ಅಳೆಯಿರಿ. 1984ರಲ್ಲಿ ಅಹ್ಮದ್ ಅನ್ನುವ ವಿಜ್ಞಾನಿ ಮತ್ತು ಸಂಗಡಿಗರು ಸಾಬೂನಿನ ಬಿಲ್ಲೆಯಂಥ ಒಂದು ಸರಳ ಆಕಾರ ಮಾಡಿ, ಅದರ ಹಿಂಭಾಗದ ಇಳಿಜಾರನ್ನು ಬದಲಿಸುತ್ತಾ ಗಾಳಿಗೆ ಹಿಡಿದರು. ಇಳಿಜಾರು 30 ಡಿಗ್ರಿಗೆ ಹತ್ತಿರವಾದಂತೆ ಎರಡು ಪಕ್ಕದಿಂದ ಸುಳಿಗಳೆದ್ದು ಡ್ರ್ಯಾಗ್ ತಾರಕಕ್ಕೇರಿತು. 30 ದಾಟಿದ ಕೂಡಲೇ ಗಾಳಿ ಪೂರ್ತಿ ಬಿಟ್ಟುಕೊಂಡು ಡ್ರ್ಯಾಗ್ ದಿಢೀರನೆ ಇಳಿಯಿತು. ನಿಮ್ಮ ಗಾಜು ಆ ಗಡಿಯ ಆಸುಪಾಸಿನಲ್ಲಿದ್ದರೆ ಛಾವಣಿಯ ತುದಿಗೆ ಒಂದು ಗಿಡ್ಡ ಚಾಚು ಕೂರಿಸಿ, ಗಾಳಿ ಅಲ್ಲೇ ಶಿಸ್ತಾಗಿ ಬಿಟ್ಟುಹೋಗಲಿ. ಛಾವಣಿಯ ತುದಿಗೆ ಸಾಲಾಗಿ ಅಂಟಿಸುವ ಶಾರ್ಕ್ ರೆಕ್ಕೆಗಳ ಬಗ್ಗೆ ಒಬ್ಬರು ಆಗಲೇ ಕೇಳಿದರು. ಮಿತ್ಸುಬಿಷಿಯ ಎಂಜಿನಿಯರುಗಳು ಅಳೆದು ಪ್ರಕಟಿಸಿದ್ದಾರೆ: ಅವರ ಸೆಡಾನಿನಲ್ಲಿ ಡ್ರ್ಯಾಗ್ ಮತ್ತು ಲಿಫ್ಟ್ ಗುಣಾಂಕಗಳು ತಲಾ 0.006 ಇಳಿದವು. ಅದೂ ಜಾಗ, ಎತ್ತರ, ಕೋನ ಎಲ್ಲ ಹುಡುಕಿ ಇಟ್ಟಾಗ. ನೀವು ಸುಮ್ಮನೆ ಅಂಟಿಸಿದರೆ ಕಾರು ತೊಳೆಯುವಾಗ ಬಟ್ಟೆ ಸಿಕ್ಕಿಕೊಳ್ಳುತ್ತದೆ, ಅಷ್ಟೇ.

ವಿಂಗಿನ ಬಗ್ಗೆ ನನಗೆ ಅತಿ ದುಬಾರಿಯಾಗಿ ಬಿದ್ದ ಪಾಠ ಸನ್ನೆಕೋಲಿನದ್ದು. ವಿಂಗ್ ಹಿಂದಿನ ಆಕ್ಸಲ್ಲಿನ ಮೇಲೆ ಕೂರುವುದಿಲ್ಲ, ಅದರ ಹಿಂದೆ ಕೂರುತ್ತದೆ. ವೀಲ್‌ಬೇಸ್ (ಎರಡು ಆಕ್ಸಲ್ಲುಗಳ ನಡುವಿನ ದೂರ) ಎರಡೂವರೆ ಮೀಟರ್, ವಿಂಗ್ ಹಿಂದಿನ ಆಕ್ಸಲ್ಲಿನಿಂದ ಅರ್ಧ ಮೀಟರ್ ಹಿಂದೆ, 180ರಲ್ಲಿ ಅದು ಕೆಳಕ್ಕೆ ಒತ್ತುವುದು 1000 ನ್ಯೂಟನ್, ಸುಮಾರು ನೂರು ಕೆಜಿ ಭಾರದಷ್ಟು, ಅಂತಿಟ್ಟುಕೊಳ್ಳಿ. ಹಿಂದಿನ ಆಕ್ಸಲ್ ಆಸರೆ, ಕಾರು ಏತದ ಮರ. ಹಿಂದೆ 1000 ಒತ್ತಿದಾಗ ಮುಂದಿನ ಚಕ್ರಗಳಿಂದ 200 ನ್ಯೂಟನ್ ಎದ್ದುಹೋಗುತ್ತದೆ. ವಿಂಗಿನ ಡ್ರ್ಯಾಗ್ 150 ನ್ಯೂಟನ್, ನೆಲದಿಂದ 1.2 ಮೀಟರ್ ಎತ್ತರದಲ್ಲಿ ಹಿಂದಕ್ಕೆ ಎಳೆಯುತ್ತಿದೆ, ಅದರಿಂದ ಇನ್ನೊಂದು 72. ಒಟ್ಟು 272, ಅಂದರೆ ಸುಮಾರು 28 ಕೆಜಿ ಮುಂದಿನ ಚಕ್ರಗಳಿಂದ ಹೋಯಿತು. ಅಲ್ಲಿ ಮೊದಲೇ ಲಿಫ್ಟ್ ಇತ್ತು, ನೆನಪಿರಲಿ.

ಮುಂದೆ ಏನೂ ಮಾಡದೆ ಹಿಂದೆ ದೊಡ್ಡ ವಿಂಗ್ ಕಟ್ಟಿಕೊಂಡು ಹೋದೆ. ನಿಧಾನದ ತಿರುವುಗಳಲ್ಲಿ ಕಾರು ಎಂದಿನಂತೆಯೇ ಇತ್ತು. 60ರಲ್ಲಿ ಇರುವ ಗಾಳಿಯ ಬಲ 180ರಲ್ಲಿ ಇರುವುದರ ಒಂಬತ್ತನೇ ಒಂದು, ಗೊತ್ತಾಗುವುದಾದರೂ ಹೇಗೆ? ಎಲ್ಲಕ್ಕಿಂತ ವೇಗದ ಬಲಗಡೆಯ ತಿರುವಿಗೆ ಬಂದಾಗ ಸ್ಟೇರಿಂಗ್ ತಿರುಗಿಸಿದೆ, ಕಾರು ತಿರುಗಲಿಲ್ಲ. ಇನ್ನೂ ತಿರುಗಿಸಿದೆ. ಕೈಯಲ್ಲಿ ಭಾರವೇ ಇಲ್ಲ, ಆಟಿಕೆಯ ಚಕ್ರದಂತಿತ್ತು. ಟ್ರ್ಯಾಕಿನ ಅಂಚು ದಾಟಿ ಹುಲ್ಲಿನ ಮೇಲೆ ಹೋಗಿ ನಿಂತೆ. ಕಾರಿಗೆ ಏನೂ ಆಗಲಿಲ್ಲ. ಹಿಂದಿನ ಹಿಡಿತ ಅದ್ಭುತವಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು.

ಅದಕ್ಕೇ ಡ್ರೈವರಿನ ದೂರನ್ನು ಎರಡು ಭಾಗ ಮಾಡಿ ಕೇಳಿ. ನಿಧಾನದ ತಿರುವಿನಲ್ಲೂ ಮೂತಿ ಜಾರುತ್ತದೆ ಅಂದರೆ ಟೈರು, ಸ್ಪ್ರಿಂಗ್, ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಆ್ಯಂಟಿ ರೋಲ್ ಬಾರ್ ನೋಡಿ. ನಿಧಾನದಲ್ಲಿ ಸರಿ, ವೇಗದಲ್ಲಿ ಮಾತ್ರ ಅಂದರೆ ಗಾಳಿಯನ್ನು ನೋಡಿ. ಒಂದರ ರೋಗಕ್ಕೆ ಇನ್ನೊಂದರ ಔಷಧ ಕೊಟ್ಟು ವರ್ಷಗಟ್ಟಲೆ ಅಲೆಯುವವರಿದ್ದಾರೆ.

ವಿಂಗನ್ನು ಎಲ್ಲಿಗೆ ಬಿಗಿಯುತ್ತೀರಿ ಅನ್ನುವುದೂ ಸಣ್ಣ ವಿಷಯ ಅಲ್ಲ. 1969ರ ಸ್ಪೇನ್ ಗ್ರ್ಯಾನ್ ಪ್ರಿಯಲ್ಲಿ, ಬಾರ್ಸಿಲೋನಾದ ಮೊಂಜೂಯಿಕ್ ಬೀದಿಗಳಲ್ಲಿ, ಗ್ರಹಾಂ ಹಿಲ್ ಮತ್ತು ಯೋಹೆನ್ ರಿಂಟ್ ಇಬ್ಬರ ಲೋಟಸ್ ಕಾರುಗಳ ಎತ್ತರದ ವಿಂಗುಗಳೂ ಒಂದೇ ರೇಸಿನಲ್ಲಿ ಮುರಿದು ಬಿದ್ದವು. ಮುಂದಿನ ಮೊನಾಕೊ ರೇಸಿಗೆ ಅಂಥ ವಿಂಗುಗಳನ್ನು ನಿಷೇಧಿಸಿದರು. ಫಾರ್ಮುಲಾ ಒನ್ ತಂಡಕ್ಕೇ ಹಾಗಾಗಿದೆ, ಡಿಕ್ಕಿಯ ತೆಳು ತಗಡಿಗೆ ನಾಲ್ಕು ಬೋಲ್ಟ್ ಹಾಕಿದ ನಮ್ಮ ಪಾಡೇನು? ಒಳಗಿನಿಂದ ದಪ್ಪ ಪಟ್ಟಿ ಕೊಡಿ, ಸಾಧ್ಯವಾದರೆ ಬಲವನ್ನು ನೇರ ಚಾಸಿಗೆ ಇಳಿಸಿ. ಕೋನವನ್ನು ಸ್ವಲ್ಪದಿಂದ ಶುರು ಮಾಡಿ. ಹದಿನೈದು ಡಿಗ್ರಿಯ ಹತ್ತಿರಕ್ಕೆ ಬಂದರೆ ಒಂಟಿ ಪದರದ ಸಾಧಾರಣ ವಿಂಗ್ ಗಾಳಿ ಬಿಟ್ಟುಕೊಳ್ಳುತ್ತದೆ, ಡ್ರ್ಯಾಗ್ ಉಳಿಯುತ್ತದೆ, ಡೌನ್‌ಫೋರ್ಸ್ ಹೋಗುತ್ತದೆ. ಇನ್ನೂ ಸ್ವಲ್ಪ ಬೇಕಿದ್ದರೆ ಹಿಂದಿನ ಅಂಚಿಗೆ ಹತ್ತು ಮಿ.ಮೀ. ಎತ್ತರದ ಎಲ್ ಪಟ್ಟಿ ಅಂಟಿಸಿ. 1971ರಲ್ಲಿ ಅಮೆರಿಕದ ರೇಸರ್ ಡ್ಯಾನ್ ಗರ್ನಿ ತನ್ನ ತಂಡದ ಕಾರಿಗೆ ಮಾಡಿದ್ದು ಅಷ್ಟೇ, ಇಂದಿಗೂ ಅದಕ್ಕೆ ಅವನದೇ ಹೆಸರು.

ಡಿಫ್ಯೂಸರ್, ಅಂದರೆ ಕಾರಿನ ಅಡಿಯ ಹಿಂತುದಿಯಲ್ಲಿ ಮೇಲಕ್ಕೆ ಏರುವ ಹಲಗೆ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಮುಂದೆ ನುಣುಪಾದ ಅಡಿ ಇಲ್ಲದಿದ್ದರೆ ಅದು ಬಂಪರಿನ ಕೆಳಗಿನ ಅಲಂಕಾರ. ಹಳೆಯ ಕಾರಿನಲ್ಲಿ ಅಲ್ಲಿ ಪೆಟ್ರೋಲ್ ಟ್ಯಾಂಕಿದೆ, ಸೈಲೆನ್ಸರಿದೆ, ಬಿಸಿಗೆ ಹತ್ತಿರ ಪ್ಲೈವುಡ್ ಕಟ್ಟಿ ಹೊಗೆ ಎಬ್ಬಿಸಿದವರನ್ನು ನೋಡಿದ್ದೇನೆ. ಅದರ ಬದಲು ಹಿಂದಿನ ಬಂಪರಿನ ಒಳಗೆ ಕೈ ಹಾಕಿ. ಟೊಳ್ಳು ಬುಟ್ಟಿ, ಅಡಿಯಿಂದ ಬಂದ ಗಾಳಿ ಅದರಲ್ಲಿ ಪ್ಯಾರಾಚೂಟಿನಂತೆ ತುಂಬಿಕೊಳ್ಳುತ್ತದೆ. ಆ ಬಾಯಿಗೆ ಒಂದು ಹಾಳೆ ಕಟ್ಟಿ ಮುಚ್ಚಿದರೆ ಆಯಿತು.

ಇಷ್ಟೆಲ್ಲ ಮಾಡಿದ ಮೇಲೆ ಲಿಫ್ಟ್ ಇಳಿದಿದೆಯೋ ಇಲ್ಲವೋ ತಿಳಿಯುವುದು ಹೇಗೆ? ನಿಮ್ಮ ಸ್ಪ್ರಿಂಗುಗಳೇ ತಕ್ಕಡಿ. ಒಂದೊಂದು ಚಕ್ರದ ಬಳಿ ಪ್ರತಿ ಮಿಲಿಮೀಟರಿಗೆ ಎರಡೂವರೆ ಕೆಜಿ ಬಿಗುವಿದ್ದರೆ, ಮೊದಲು ಹೇಳಿದ 55 ಕೆಜಿ ಲಿಫ್ಟ್ ಕಾರಿನ ಹಿಂಭಾಗವನ್ನು 11 ಮಿ.ಮೀ. ಎತ್ತುತ್ತದೆ. ಹೆಡ್‌ಲೈಟಿನ ಮಟ್ಟ ತಾನೇ ಸರಿಪಡಿಸಿಕೊಳ್ಳುವ ಕಾರುಗಳಲ್ಲಿ ಸಸ್ಪೆನ್ಷನ್ನಿಗೆ ಒಂದು ಪುಟ್ಟ ಸೆನ್ಸರ್ ಇರುತ್ತದೆ, ಗುಜರಿಯಲ್ಲಿ ಸಿಗುತ್ತದೆ. ಅದಕ್ಕೊಂದು ವೋಲ್ಟ್‌ಮೀಟರ್. ಆಕ್ಸಿಲರೇಟರ್ ಒತ್ತಿದರೆ ಹಿಂಭಾಗ ಕೂರುತ್ತದೆ, ಬ್ರೇಕಿಗೆ ಏಳುತ್ತದೆ, ಹಾಗಾಗಿ ಟ್ರ್ಯಾಕಿನ ನೇರ ದಾರಿಯಲ್ಲಿ ಕ್ಲಚ್ ಒತ್ತಿ ಕಾರನ್ನು ಸುಮ್ಮನೆ ಉರುಳಲು ಬಿಟ್ಟು, ವೇಗ ಇಳಿಯುತ್ತಾ ಬಂದಂತೆ ಓದಿಕೊಳ್ಳಿ. ಎರಡು ದಿಕ್ಕಿಗೂ ಹೋಗಲು ಬಿಟ್ಟರೆ ಎರಡೂ ಕಡೆ ಹೋಗಿ, ಗಾಳಿ ಬೀಸುವ ದಿನ ಒಂದೇ ದಿಕ್ಕಿನ ಅಂಕಿಯನ್ನು ನಂಬಬೇಡಿ.

ಕೊನೆಗೆ ಮನೆಗೆ ಹೋಗುವ ದಾರಿ. ನಿಯಮಗಳು ದೇಶದಿಂದ ದೇಶಕ್ಕೆ ಬೇರೆ, ಮೊದಲು ನಿಮ್ಮದನ್ನು ಓದಿ, ಇನ್ಶೂರೆನ್ಸಿನವರಿಗೆ ತಿಳಿಸಿ. ಬಿಎಂಡಬ್ಲ್ಯೂ 3.0 ಸಿಎಸ್ಎಲ್‌ನ ಹಿಂದಿನ ದೊಡ್ಡ ರೆಕ್ಕೆ ಜರ್ಮನಿಯ ರಸ್ತೆಗೆ ನಿಷಿದ್ಧವಾಗಿತ್ತು. ಕಂಪನಿ ಅದನ್ನು ಡಿಕ್ಕಿಯೊಳಗೆ ಇಟ್ಟು ಕಾರು ಮಾರಿತು, ಮನೆಗೆ ಹೋಗಿ ನೀವೇ ಜೋಡಿಸಿಕೊಳ್ಳಿ ಅಂತ! ನನ್ನ ಸ್ಪ್ಲಿಟರೂ ಡಿಕ್ಕಿಯಲ್ಲೇ ಪ್ರಯಾಣ ಮಾಡುತ್ತದೆ. ಆರು ಬೋಲ್ಟ್, ಹತ್ತು ನಿಮಿಷ. ಚೂಪು ಅಂಚಿನ ಹಲಗೆ ಜನರ ಮೊಣಕಾಲ ಕೆಳಗೆ ಓಡಾಡುವುದು ನನಗೆ ಇಷ್ಟವಿಲ್ಲ.

ಆದರೆ ಸ್ಪ್ಲಿಟರ್ ಬಿಚ್ಚಿ ವಿಂಗ್ ಹಾಗೇ ಬಿಟ್ಟರೆ ಏತದ ಮರ ಮತ್ತೆ ಹಿಂದಕ್ಕೆ ವಾಲಿತು. ಅದಕ್ಕೆ ವಿಂಗಿನ ಬ್ರಾಕೆಟ್ಟಿನ ಮೇಲೆ ಎರಡು ಗೆರೆ ಎಳೆದಿದ್ದೇನೆ, ಕೆಂಪು ಟ್ರ್ಯಾಕಿಗೆ, ಬಿಳಿ ರಸ್ತೆಗೆ. ಸ್ಪ್ಲಿಟರ್ ಬಿಚ್ಚಿದ ಸ್ಪ್ಯಾನರಿನಲ್ಲೇ ಅದನ್ನೂ ಇಳಿಸುತ್ತೇನೆ. ಹಿಂದಿನ ಸಾಲಿನವರು ಕೇಳಿದರು, ರಸ್ತೆಯ ವೇಗದಲ್ಲಿ ಅಷ್ಟು ವ್ಯತ್ಯಾಸ ಗೊತ್ತಾಗುತ್ತದಾ ಅಂತ. ಲೆಕ್ಕ ಹೇಳುತ್ತೇನೆ: 180ರಲ್ಲಿ ಮುಂದಿನಿಂದ 28 ಕೆಜಿ ಹೋದರೆ 100ರಲ್ಲಿ ಎಂಟು ಒಂಬತ್ತು ಕೆಜಿ. ಒಣ ರಸ್ತೆಯಲ್ಲಿ ಗೊತ್ತಾಗಬಾರದು. ಒಮ್ಮೆ ಕೆಂಪು ಗೆರೆಯಲ್ಲೇ ಮರೆತು ಹೊರಟಿದ್ದೆ, ದಾರಿಯಲ್ಲಿ ಮಳೆ ಹಿಡಿಯಿತು, ಒಂದು ಉದ್ದನೆಯ ತಿರುವಿನಲ್ಲಿ ಸ್ಟೇರಿಂಗ್ ಹಗುರ ಅನ್ನಿಸಿತು. ವಿಂಗಿನಿಂದಲೋ, ನೀರಿನಿಂದಲೋ, ಮರೆತದ್ದು ಆ ಕ್ಷಣ ನೆನಪಾದದ್ದರಿಂದಲೋ ಹೇಳಲಾರೆ. ನಳಿಗೆ, ಸೆನ್ಸರ್ ಎರಡೂ ಆ ದಿನ ಮನೆಯಲ್ಲಿದ್ದವು.